ಮನೆಯಿಂದ ನಾಡಿಗೆ: ಶಿವರಾಮ ಕಾರಂತರ ಬದುಕಿನಲ್ಲಿ ನಮಗೊಂದು ಪಾಠ

ಈ ಅವಧಿಯ ಬೋಧನಾಭ್ಯಾಸಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳ ಒಂದು ತಂಡ ಹನೂರು ತಾಲ್ಲೂಕಿನ ಮಾರ್ಟಳ್ಳಿ ಸುತ್ತಮುತ್ತಲಿನ ಶಾಲೆಗಳಿಗೆ ಹೋಗಿತ್ತು. ಸಮಾಜ ವಿಜ್ಞಾನದ ಪಾಠಗಳನ್ನು ವೀಕ್ಷಿಸುವ ಕೆಲಸ ನನ್ನದು. ಕರ್ನಾಟಕದ ಭೂಗೋಳ ಮತ್ತು ಸಂಸ್ಕೃತಿಯ ಪಾಠಗಳು ಮುಗಿದ ಮೇಲೆ ನಡೆದ ಚರ್ಚೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಬಂತು. ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ ಎಂದು ಕೊಟ್ಟ ಕೆಲಸ ಖಾಲಿ ಹಾಳೆಯಾಗಿಯೇ ಹಿಂತಿರುಗುತ್ತಿದೆ. ನಮಗೇನು ಗೊತ್ತು, ಮೇಷ್ಟರನ್ನೇ ಕೇಳು ಎಂದು ಮನೆಯವರು ಹೇಳಿ ಕಳಿಸುತ್ತಿದ್ದಾರೆ ಎಂಬುದು ಆ ಮಾತು.

ಮಾರ್ಟಳ್ಳಿ ಭಾಗದ ಅನೇಕ ಮನೆಗಳ ಆಡುಮಾತು ತಮಿಳು. ಕ್ರೈಸ್ತ ಕುಟುಂಬಗಳು ಹೆಚ್ಚಾಗಿರುವ ಊರು. ಸುತ್ತ ಮಲೆ ಮಹದೇಶ್ವರ ಬೆಟ್ಟದ ಸಾಲು. ಬೆಟ್ಟದಾಚೆ ಪಾಲಾರ್ ಹೊಳೆ, ಹೊಳೆಯಾಚೆ ತಮಿಳುನಾಡು. ತಂದೆ ತಾಯಿ ರಾಗಿ, ಮುಸುಕಿನ ಜೋಳ ಬೆಳೆಯುವವರು, ಇಲ್ಲವೇ ಕೂಲಿಗೆಂದು ದೂರದ ಊರಿಗೆ ಹೋಗಿ ಬರುವವರು. ಇಂಥ ಮನೆಯಲ್ಲಿ ಮಗು ರಾಜ್ಯದ ವಿಷಯವಾಗಿ ಏನು ಕಲಿತೀತು ಎಂಬುದು ತಂಡದ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ಮನೆಯಲ್ಲಿ ಏನೂ ಇಲ್ಲವೆಂದು ಶಿಕ್ಷಕರು ತೀರ್ಮಾನಿಸಿಬಿಟ್ಟರೆ ಮಗುವೂ ಹಾಗೆಯೇ ತೀರ್ಮಾನಿಸುತ್ತದೆ. ತನ್ನ ರಾಜ್ಯದ ಪಾಠದಲ್ಲಿ ತಾನೇ ನೆಂಟನ ಹಾಗೆ ಮೂಲೆಯಲ್ಲಿ ಕೂರುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆರವಾದದ್ದು ಬೋಧನಶಾಸ್ತ್ರದ ಗ್ರಂಥಕ್ಕಿಂತ ಹೆಚ್ಚಾಗಿ ಕೋಟ ಶಿವರಾಮ ಕಾರಂತರ ಬದುಕು. ಕಾದಂಬರಿಕಾರರಾಗಿ ಅವರನ್ನು ಎಲ್ಲರೂ ಬಲ್ಲರು. ಮನೆಯಲ್ಲಿ ಮಕ್ಕಳಿಗೆ ಲೋಕವನ್ನು ತೋರಿಸಲು ದುಡಿದ ಶಿಕ್ಷಕರಾಗಿ ಬಲ್ಲವರು ಕಡಿಮೆ. ಈ ಸಂಚಿಕೆಯ ವ್ಯಕ್ತಿಪರಿಚಯಕ್ಕೆ ಅವರ ಬದುಕಿನ ಆ ಮುಖವನ್ನೇ ಆರಿಸಿಕೊಂಡಿದ್ದೇನೆ.

ಹುಟ್ಟಿದ ನೆಲ, ಬಿಟ್ಟ ಕಾಲೇಜು

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ಗದ್ದೆ, ತೆಂಗು, ಹಿನ್ನೀರು: ಇಷ್ಟು ಕಿರಿದಾದ ಪಟ್ಟಿಯಲ್ಲಿ ಅವರ ಬಾಲ್ಯ ಕಳೆಯಿತು. ನಮ್ಮ ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹರಿದದ್ದೂ ಅದೇ 1902ರಲ್ಲಿ. ಈ ಎರಡು ಘಟನೆಗಳಿಗೆ ಸಂಬಂಧವೇನೂ ಇಲ್ಲ. ಆದರೂ ತರಗತಿಯಲ್ಲಿ ಕಾಲವನ್ನು ಹಿಡಿದು ತೋರಿಸಲು ಇಂಥ ಜೋಡಿಗಳು ಉಪಯೋಗಕ್ಕೆ ಬರುತ್ತವೆ. ಕೋಟದಲ್ಲಿ ದೀಪದ ಬೆಳಕಿನಲ್ಲಿ ಯಕ್ಷಗಾನ ಆಡುತ್ತಿದ್ದ ಕಾಲಕ್ಕೆ ನಮ್ಮ ಕಡೆಯ ಹೊಳೆ ಗಣಿಗೆ ಬೆಳಕು ಕಳಿಸುತ್ತಿತ್ತು.

ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಗಾಳಿ ಬೀಸಿತು. ಕಾರಂತರು ಓದು ಬಿಟ್ಟು ಹೊರಬಂದರು. ಖಾದಿ ಪ್ರಚಾರಕ್ಕೆಂದು ಊರೂರು ಅಲೆದರು. ವಸಂತ ಎಂಬ ಪತ್ರಿಕೆ ನಡೆಸಿದರು. ನಾಟಕ ಆಡಿಸಿದರು, 1930ರ ಹೊತ್ತಿಗೆ ಮೂಕಿ ಚಿತ್ರಗಳನ್ನೂ ತೆಗೆದರು. ಪದವಿ ಕೈಯಲ್ಲಿರಲಿಲ್ಲ. ತಿರುಗಾಟ ಮತ್ತು ಓದು ಇವೆರಡೇ ಅವರ ವಿಶ್ವವಿದ್ಯಾಲಯ. ಬಿ.ಇಡಿ. ಮಾಡುತ್ತಿರುವ ನಾವು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಮುಂದೆ ಮಕ್ಕಳಿಗಾಗಿ ವಿಶ್ವಕೋಶ ಬರೆದ ವ್ಯಕ್ತಿ ಅದರ ಬಹುಪಾಲು ವಿಷಯಗಳನ್ನು ಯಾವ ಮೇಷ್ಟರಿಂದಲೂ ಕಲಿತಿರಲಿಲ್ಲ. ತಾನೇ ಕಲಿಯುತ್ತ ಕಲಿಸಿದರು. ಗೊತ್ತಿಲ್ಲ ಎಂಬುದು ಅವರಿಗೆ ಕೆಲಸದ ಆರಂಭವಾಗಿತ್ತು; ಮಾರ್ಟಳ್ಳಿಯ ಮನೆಗಳಲ್ಲಿ ಅದೇ ಮಾತು ಕೆಲಸದ ಕೊನೆಯಾಗುತ್ತಿದೆ.

ರಾಜ್ಯವಿಲ್ಲದ ಕಾಲದಲ್ಲಿ ರಾಜ್ಯದ ಪಾಠ

ಕಾರಂತರು ಮಕ್ಕಳ ಶಿಕ್ಷಣದಲ್ಲಿ ತೊಡಗಿದ 1930ರ ದಶಕದಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಕನ್ನಡದ ನೆಲ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಕಾರಂತರು ನೆಲೆಸಿದ್ದ ಪುತ್ತೂರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಮ್ಮ ಕೊಳ್ಳೇಗಾಲ ಅದೇ ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹನೂರು, ಮಾರ್ಟಳ್ಳಿಗಳು ಅದರೊಳಗೆ. ಪುತ್ತೂರಿನ ಮಗುವಿಗೂ ಮಾರ್ಟಳ್ಳಿಯ ಮಗುವಿಗೂ ಅಂದು ಸರ್ಕಾರ ಒಂದೇ, ರಾಜಧಾನಿ ಒಂದೇ. ಅದು ಮದರಾಸು.

1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕಾರಂತರು ಅಧ್ಯಕ್ಷರಾದರು. ಮರುವರ್ಷ, 1956ರ ನವೆಂಬರ್ 1ರಂದು, ಕನ್ನಡದ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯವಾಯಿತು. ದಕ್ಷಿಣ ಕನ್ನಡ ಬಂತು, ಕೊಳ್ಳೇಗಾಲ ತಾಲ್ಲೂಕು ಬಂದು ಮೈಸೂರು ಜಿಲ್ಲೆಗೆ ಸೇರಿತು. ಕಾರಂತರ ಜಿಲ್ಲೆಯ ಭಾಗವೇ ಆಗಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಇನ್ನೂ ಈಚೆಗೆ.

ಈ ವರ್ಷಗಳನ್ನು ಪರೀಕ್ಷೆಗಾಗಿ ನೆನಪಿಡಿ ಎಂದು ನಾನು ಹೇಳುತ್ತಿಲ್ಲ. ಗಡಿಗೆರೆಗಳು ಒಬ್ಬ ಮನುಷ್ಯನ ಜೀವಿತಕಾಲದಲ್ಲಿಯೇ ಇಷ್ಟು ಸಲ ಬದಲಾದವು. ಆದರೆ ಕಾರಂತರ ಪಾಠ ಬದಲಾಗಲಿಲ್ಲ, ಏಕೆಂದರೆ ಅದು ಗೆರೆಯಿಂದ ಹೊರಟಿರಲಿಲ್ಲ. ಮಳೆ, ಹೊಳೆ, ಬೆಳೆ, ಕಸುಬು, ಕುಣಿತ, ಮಾತು ಇವುಗಳಿಂದ ಹೊರಟಿತ್ತು. ನಮ್ಮ ಪಾಠಗಳಲ್ಲಿ ಸಾಮಾನ್ಯವಾಗಿ ಕ್ರಮ ತಿರುಗುಮುರುಗಾಗಿರುತ್ತದೆ. ನಾಲ್ಕು ಆಡಳಿತ ವಿಭಾಗ, 31 ಜಿಲ್ಲೆ, ಪ್ರತಿಯೊಂದಕ್ಕೂ ಒಂದು ನದಿ, ಒಂದು ಬೆಳೆ, ಒಂದು ಪ್ರೇಕ್ಷಣೀಯ ಸ್ಥಳ. ನಕ್ಷೆ ಮೊದಲು, ನೆಲ ಆಮೇಲೆ. ಗಡಿಯ ಮೇಲಿನ ಮಗುವಿಗೆ ತನ್ನ ಊರು ನಕ್ಷೆಯ ಅಂಚಿನಲ್ಲಿ ಹೆಸರಿಲ್ಲದ ಬಿಳಿ ಜಾಗವಾಗಿ ಕಾಣುತ್ತದೆ.

ಪುತ್ತೂರಿನ ಬಾಲವನ

ಪುತ್ತೂರಿಗೆ ಬಂದ ಕಾರಂತರಿಗೆ ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಒಡನಾಟ ಸಿಕ್ಕಿತು. ಶಾಲಾ ಮಕ್ಕಳಿಂದ ನಾಟಕ, ಕುಣಿತ ಮಾಡಿಸುವ ಕೆಲಸದಲ್ಲಿ ಅವರು ತೊಡಗಿದರು. 1930ರ ದಶಕದಲ್ಲಿ ಊರ ಅಂಚಿನ ಪರ್ಲಡ್ಕದ ಗುಡ್ಡದ ಮೇಲೆ ಬಾಲವನ ತಲೆಯೆತ್ತಿತು. ಮಕ್ಕಳು ಬೆದರಿಕೆಯಿಲ್ಲದೆ, ಬಾಯಿಪಾಠವಿಲ್ಲದೆ, ಆಟ, ಹಾಡು, ಚಿತ್ರ, ಮರಗಿಡಗಳ ನಡುವೆ ಕಲಿಯಬೇಕು ಎಂಬುದು ಅದರ ಹಿಂದಿನ ಆಸೆ. 1936ರಲ್ಲಿ ಲೀಲಾ ಅವರೊಡನೆ ಮದುವೆಯಾಯಿತು. ಜಾತಿಯ ಗೆರೆ ದಾಟಿದ ಆ ಮದುವೆ ಅಂದಿನ ದಿನಗಳಲ್ಲಿ ಸುಲಭದ್ದಾಗಿರಲಿಲ್ಲ. ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ ಬೆಳೆದದ್ದು ಈ ಬಾಲವನದಲ್ಲಿ.

ಸ್ವಂತ ಮಕ್ಕಳನ್ನು ಎಳವೆಯಲ್ಲಿಯೇ ಶಾಲೆಗೆ ದೂಡುವ ಆತುರ ಕಾರಂತರಿಗಿರಲಿಲ್ಲ. ಮೊದಲ ಪಾಠಗಳು ಮನೆಯಲ್ಲಿಯೇ ನಡೆದವು. ಸುತ್ತಲಿನ ಕಾಡುಗುಡ್ಡ, ಹಕ್ಕಿ, ಮಳೆಗಾಲ, ಮನೆಗೆ ಬಂದುಹೋಗುವ ಜನ, ಮನೆ ತುಂಬ ಪುಸ್ತಕ, ಅಪ್ಪನ ಮುದ್ರಣಾಲಯ ಎಲ್ಲವೂ ಪಠ್ಯವಾದವು. ಮಾಳವಿಕಾ ಮುಂದೆ ಮಕ್ಕಳ ಮನಸ್ಸಿನ ಆರೋಗ್ಯದ ತಜ್ಞರಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದರು. ಉಲ್ಲಾಸ ಎಂಜಿನಿಯರಿಂಗ್ ಓದಿಯೂ ಕಾಡಿನ ಕಡೆ ತಿರುಗಿ ನಾಗರಹೊಳೆಯ ಹುಲಿಗಳ ಅಧ್ಯಯನಕ್ಕೆ ಹೆಸರಾದರು. ಒಬ್ಬರು ಮಕ್ಕಳನ್ನು, ಇನ್ನೊಬ್ಬರು ಕಾಡನ್ನು ಓದುವ ವಿಷಯವಾಗಿ ಆರಿಸಿಕೊಂಡದ್ದರಲ್ಲಿ ಬಾಲವನದ ಪಾಲಿದೆ ಎಂದು ನನಗನ್ನಿಸುತ್ತದೆ. ಮಾಳವಿಕಾ, ಉಲ್ಲಾಸ, ಕ್ಷಮಾ ಸೇರಿ ಆ ಬಾಲ್ಯವನ್ನೂ ತಂದೆಯನ್ನೂ ಕುರಿತು ಬರೆದ ಗ್ರೋಯಿಂಗ್ ಅಪ್ ಕಾರಂತ್ ಎಂಬ ಇಂಗ್ಲಿಷ್ ಪುಸ್ತಕ 2021ರಲ್ಲಿ ಬಂದಿದೆ.

ಬಾಲವನ ದೊಡ್ಡ ಸಂಸ್ಥೆಯಾಗಿ ಬೆಳೆಯಲಿಲ್ಲ ಎಂಬುದನ್ನೂ ಹೇಳಬೇಕು. ಹಣದ ಮುಗ್ಗಟ್ಟು ಕಾರಂತರ ಬೆನ್ನು ಬಿಡಲಿಲ್ಲ. 1970ರ ದಶಕದಲ್ಲಿ ಅವರು ಪುತ್ತೂರು ಬಿಟ್ಟು ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಹೋಗಿ ನೆಲೆಸಿದರು. ಪರ್ಲಡ್ಕದ ಬಾಲವನ ಇಂದು ಅವರ ಸ್ಮಾರಕವಾಗಿ ಉಳಿದಿದೆ. ಶಾಲೆಯಾಗಿ ಅದು ಎಷ್ಟು ಮಕ್ಕಳನ್ನು ತಲುಪಿತು ಎಂದು ಲೆಕ್ಕ ಹಾಕಿದರೆ ಸಿಗುವ ಉತ್ತರ ಚಿಕ್ಕದು. ಆದರೆ ಅವರು ಶಾಲೆಯೊಂದನ್ನೇ ನೆಚ್ಚಿಕೊಂಡಿರಲಿಲ್ಲ.

ಪುಸ್ತಕವಿಲ್ಲದ ಮನೆಗೆ ಬರೆದ ಪುಸ್ತಕ

1936ರ ಸುಮಾರಿಗೆ ಕಾರಂತರ ಬಾಲಪ್ರಪಂಚ ಬಂತು. ಮೂರು ಸಂಪುಟಗಳ, ಚಿತ್ರಸಹಿತವಾದ ಮಕ್ಕಳ ವಿಶ್ವಕೋಶ. ಇಂದು ಇಂಥ ಕೆಲಸಕ್ಕೆ ಸಂಪಾದಕ ಮಂಡಳಿ, ವಿಷಯತಜ್ಞರು, ಕಲಾವಿದರು, ಅನುದಾನ ಬೇಕೆನ್ನುತ್ತೇವೆ. ಅಂದು ಅದನ್ನು ಒಬ್ಬರೇ ಬರೆದರು. ಆಮೇಲೆ 1959ರಿಂದ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳು ಬಂದವು. ಸಿರಿಗನ್ನಡ ಅರ್ಥಕೋಶ ಎಂಬ ನಿಘಂಟನ್ನೂ ಅವರೇ ಸಿದ್ಧಪಡಿಸಿದರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಹಾಕಿ, ಹಿರಿಯ ಮಗನ ಹೆಸರಿನ ಹರ್ಷ ಪ್ರಕಟಣಾಲಯದಿಂದ ಪುಸ್ತಕ ಹೊರತಂದರು. ಚಿತ್ರಗಳನ್ನು ಎಷ್ಟೋ ಸಲ ತಾವೇ ಬರೆದರು.

ನನ್ನ ದೃಷ್ಟಿಯಲ್ಲಿ ಈ ಕೆಲಸದ ತಿರುಳು ಇದು. ಕಾರಂತರ ಮಕ್ಕಳಿಗೆ ಕಾರಂತರಿದ್ದರು. ಬೇರೆ ಮನೆಯ ಮಕ್ಕಳಿಗೆ ಯಾರಿದ್ದರು? ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಹಿರಿಯರಿಲ್ಲದ ಮನೆಗೆ, ಕನ್ನಡ ಒಂದನ್ನೇ ಓದಬಲ್ಲ ಮನೆಗೆ, ಅವರು ತಮ್ಮ ಮನೆಯ ಒಂದು ಪಾಲನ್ನು ಅಚ್ಚು ಹಾಕಿ ಕಳಿಸಿಕೊಟ್ಟರು. ಮಗು ಓದುವಾಗ ಪಕ್ಕದಲ್ಲಿ ಕುಳಿತ ತಾಯಿಯೂ ಮೊದಲ ಸಲ ತಿಳಿದುಕೊಳ್ಳಬಹುದಾದಂಥ ಬರವಣಿಗೆ ಅದು. ಮನೆಯಲ್ಲಿ ಕಲಿಯುವುದು ಎಂದರೆ ತಿಳಿದ ತಂದೆ ತಾಯಿ ತಿಳಿಯದ ಮಗುವಿಗೆ ಹೇಳುವುದು ಎಂದೇ ನಾವು ಭಾವಿಸಿದ್ದೇವೆ. ಇಬ್ಬರೂ ಕೂಡಿ ತಿಳಿಯುವುದು ಇನ್ನೊಂದು ದಾರಿ. ಮಾರ್ಟಳ್ಳಿಯ ಮನೆಗಳಿಗೆ ಹೊಂದುವುದು ಈ ಎರಡನೆಯದು.

ಕಥೆಯೊಳಗಿನ ಭೂಗೋಳ

ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಕಾರಂತರ ಕಾದಂಬರಿಗಳನ್ನು ಪದವಿಯಲ್ಲಿ ಪಠ್ಯವಾಗಿ ಓದಿದ್ದೀರಿ. ಅವನ್ನು ಭೂಗೋಳ ಶಿಕ್ಷಕರ ಕಣ್ಣಿನಿಂದ ಇನ್ನೊಮ್ಮೆ ಓದಿ ನೋಡಿ. 1933ರ ಚೋಮನ ದುಡಿಯಲ್ಲಿ ನೆಲ ಉಳುವ ಕೈಗೆ ನೆಲದ ಹಕ್ಕಿಲ್ಲ. ಕರಾವಳಿಯ ಭತ್ತದ ಬೇಸಾಯವನ್ನೂ ಅದರ ಹಿಂದಿನ ಜಾತಿಯ ಏಣಿಯನ್ನೂ ಒಟ್ಟಿಗೇ ತೋರಿಸುವ ಪುಸ್ತಕ ಅದು. 1941ರ ಮರಳಿ ಮಣ್ಣಿಗೆಯಲ್ಲಿ ಕಡಲು ಮತ್ತು ಹೊಳೆಯ ನಡುವಿನ ಊರೊಂದರ ಮೂರು ತಲೆಮಾರು ಬದುಕುತ್ತದೆ. ಮಳೆಗಾಲದ ನೆರೆ, ಉಪ್ಪುಗಾಳಿ, ಗದ್ದೆಯ ದುಡಿಮೆ, ಹೋಟೆಲು ಕೆಲಸಕ್ಕೂ ಓದಿಗೂ ಊರು ಬಿಡುವ ಗಂಡಸರು, ಮನೆ ಹಿಡಿದು ನಿಂತ ಹೆಂಗಸರು ಎಲ್ಲ ಅಲ್ಲಿದ್ದಾರೆ. 1943ರ ಬೆಟ್ಟದ ಜೀವದಲ್ಲಿ ಸುಬ್ರಹ್ಮಣ್ಯದ ಘಟ್ಟದ ಕಾಡಿನಲ್ಲಿ ತೋಟ ಕಟ್ಟಿದ ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿ ಊರು ಬಿಟ್ಟ ಮಗನನ್ನು ಕಾಯುತ್ತಾರೆ. 1951ರ ಕುಡಿಯರ ಕೂಸು ಮಲೆಕುಡಿಯರ ಬದುಕನ್ನು ಹೇಳುತ್ತದೆ.

ಇವುಗಳಲ್ಲಿ ಎಲ್ಲಿಯೂ ಪ್ರಾಕೃತಿಕ ಲಕ್ಷಣಗಳು ಬೇರೆ, ಜನಜೀವನ ಬೇರೆ, ಸಂಸ್ಕೃತಿ ಬೇರೆ ಎಂಬ ತಲೆಬರಹಗಳಿಲ್ಲ. ಮಳೆ ಹೆಚ್ಚಾದ್ದರಿಂದ ಮಾಡಿನ ಇಳಿಜಾರು ಹೆಚ್ಚು. ಮಳೆ ನಿಂತ ಮೇಲೆ ಆಟದ ಮೇಳ ಊರೂರು ಹೊರಡುತ್ತದೆ. ಒಂದಕ್ಕೊಂದು ಅಂಟಿಕೊಂಡಿರುವ ಸಂಗತಿಗಳನ್ನು ಅವರು ಅಂಟಿಕೊಂಡಂತೆಯೇ ಹೇಳಿದರು. ಯಕ್ಷಗಾನವನ್ನೂ ಹೀಗೆಯೇ, ಊರು, ಋತು, ವೇಷ, ಬಣ್ಣ, ತಾಳಗಳ ಸಮೇತ ಅಭ್ಯಾಸ ಮಾಡಿದರು. ಯಕ್ಷಗಾನ ಬಯಲಾಟ ಎಂಬ ಅವರ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮೂಕಜ್ಜಿಯ ಕನಸುಗಳು ಕಾದಂಬರಿಗೆ 1977ರ ಜ್ಞಾನಪೀಠ ಬಂತು. ಆ ಕಾದಂಬರಿಯಲ್ಲಿಯೂ ಮೊಮ್ಮಗನಿಗೆ ಚರಿತ್ರೆಯನ್ನು ಕಾಣಿಸುವವಳು ಶಾಲೆಯ ಮೆಟ್ಟಿಲು ಹತ್ತದ, ಮನೆಯಲ್ಲಿರುವ ಅಜ್ಜಿ. ನಮ್ಮ ಚರ್ಚೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಕಾರಂತರ ಮನೆ, ಮಾರ್ಟಳ್ಳಿಯ ಮನೆ

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಅದನ್ನು ಎತ್ತಿಯೂ ಇದ್ದರು. ಕಾರಂತರ ಮನೆಯಲ್ಲಿ ಪುಸ್ತಕವಿತ್ತು, ಬಿಡುವಿತ್ತು, ದೇಶ ಸುತ್ತಿದ ಅಪ್ಪನಿದ್ದರು. ಬೆಳಗ್ಗೆ ಕೂಲಿಗೆ ಹೋಗಿ ಕತ್ತಲಾದ ಮೇಲೆ ಬರುವ ಮನೆಯಲ್ಲಿ ಇದೆಲ್ಲ ಆಗುವ ಮಾತೇ? ಆಕ್ಷೇಪ ನ್ಯಾಯವಾದದ್ದು. ಸೌಕರ್ಯಗಳನ್ನು ಮಾರ್ಟಳ್ಳಿಗೆ ತರಲಾಗದು. ಆದರೆ ಕಾರಂತರು ಕಾದಂಬರಿಗೆ, ವಿಶ್ವಕೋಶಕ್ಕೆ ಬೇಕಾದ ವಸ್ತುವನ್ನು ಎಲ್ಲಿಂದ ತಂದರು ಎಂದು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಚೋಮನಂಥವರ, ಮಲೆಕುಡಿಯರ, ಗದ್ದೆಯ ಹೆಂಗಸರ, ಆಟದ ಮೇಳದವರ ಬಳಿಗೆ ಹೋಗಿ, ನೋಡಿ, ಕೇಳಿ ತಂದರು. ಅವರ ಜ್ಞಾನದ ಮೂಲವೇ ಮಾರ್ಟಳ್ಳಿಯಂಥ ಮನೆಗಳು. ಹಾಗಾದರೆ ಆ ಮನೆಗಳಲ್ಲಿ ಏನಿದೆ? ತಂಡದೊಡನೆ ಕುಳಿತು ಪಟ್ಟಿ ಮಾಡಿದಾಗ ಸಿಕ್ಕ ಕೆಲವನ್ನು ಹೇಳುತ್ತೇನೆ.

ಮೊದಲನೆಯದು ಮಳೆ. ಕಾರಂತರ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಜಿಲ್ಲೆಯ ಬಯಲಿನಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಬೀಳುವುದರಲ್ಲಿ ಅಕ್ಟೋಬರ್, ನವೆಂಬರ್ ತಿಂಗಳ ಹಿಂಗಾರಿನ ಪಾಲು ದೊಡ್ಡದು. ನೈರುತ್ಯ ಮತ್ತು ಈಶಾನ್ಯ ಮಾರುತಗಳ ವ್ಯತ್ಯಾಸ ಪುಸ್ತಕದಲ್ಲಿ ಎರಡು ಬಾಣದ ಗುರುತು. ಮನೆಯಲ್ಲಿ ಅದು ಯಾವ ತಿಂಗಳು ಬಿತ್ತನೆ, ಯಾವ ತಿಂಗಳು ಮೋಡ ನೋಡುವುದು ಎಂಬ ದಿನನಿತ್ಯದ ಮಾತು. ಅಜ್ಜ ತಮಿಳಿನಲ್ಲಿ ಹೇಳಿದರೂ ಮಳೆ ಅದೇ.

ಎರಡನೆಯದು ಹೊಳೆಯ ಹೆಸರು. ಪಾಲಾರ್ ಎಂಬುದರಲ್ಲಿ ಪಾಲ್ ಎಂದರೆ ಹಾಲು, ಆರು ಎಂದರೆ ಹೊಳೆ. ತಮಿಳಿನ ಪಾಲ್, ಪುಲಿ, ಪೂ ನಮ್ಮಲ್ಲಿ ಹಾಲು, ಹುಲಿ, ಹೂ. ಹಳಗನ್ನಡದಲ್ಲಿಯೂ ಇವು ಪಾಲ್, ಪುಲಿ, ಪೂ ಎಂದೇ ಇದ್ದವು. ಮನೆಯಲ್ಲಿ ತಮಿಳಾಡುವ ಮಗುವಿಗೆ ಹಳಗನ್ನಡದ ಬಾಗಿಲು ಉಳಿದ ಮಕ್ಕಳಿಗಿಂತ ಒಂದು ಮೆಟ್ಟಿಲು ಹತ್ತಿರ. ಇದನ್ನು ತರಗತಿಯಲ್ಲಿ ಹೇಳಿದ ದಿನ ಆ ಮಗು ಮೂಲೆಯಿಂದ ಎದ್ದು ಮುಂದಿನ ಸಾಲಿಗೆ ಬರುತ್ತದೆ.

ಮೂರನೆಯದು ಹಳೆಯ ಕಾಗದ. 1956ಕ್ಕೆ ಹಿಂದಿನ ಜಮೀನಿನ ಪತ್ರವೇನಾದರೂ ಮನೆಯಲ್ಲಿದ್ದರೆ ಅದರಲ್ಲಿರುವುದು ಕೊಯಮತ್ತೂರು ಜಿಲ್ಲೆ. ರಾಜ್ಯಗಳ ಪುನರ್ವಿಂಗಡಣೆ ಎಂಬ ಪಾಠ ಪೆಟ್ಟಿಗೆಯ ತಳದಲ್ಲಿಯೇ ಮಡಿಸಿಟ್ಟಿರುತ್ತದೆ.

ನಾಲ್ಕನೆಯದು ಹಾಡು ಮತ್ತು ಹಾದಿ. ಏಳುಮಲೆ, ಎಪ್ಪತ್ತೇಳುಮಲೆಗಳ ಮಾದಪ್ಪನ ಕಥೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳುಬೆಟ್ಟಗಳ ಮೇಲೆ ಸಾವಿರಾರು ಜನ ನಡೆದು ಬೆಟ್ಟ ಹತ್ತುತ್ತಾರೆ. ಮಾರ್ಟಳ್ಳಿಯ ಕ್ರೈಸ್ತ ಮಗುವೂ ಆ ನಡೆಯುವವರನ್ನು ಕಂಡಿದೆ. ಆ ಮಗುವಿನ ಚರ್ಚಿನ ಹಬ್ಬವನ್ನು ಮಾದಪ್ಪನ ಒಕ್ಕಲಿನ ಮಗುವೂ ಕಂಡಿದೆ. ಬೆಟ್ಟದ ಪೋಡುಗಳಲ್ಲಿ ಸೋಲಿಗರ ಹಾಡುಗಳಿವೆ. ಮೂವರೂ ಒಂದೇ ಬೆಂಚಿನಲ್ಲಿ ಕುಳಿತಿದ್ದರೆ ಸಂಸ್ಕೃತಿಯ ಪಾಠಕ್ಕೆ ಚಾರ್ಟು ಬೇಡ.

ಐದನೆಯದು ದುಡಿಮೆಗೆ ಹೋದ ಊರು. ಅಪ್ಪ ಹೋಗಿ ಬರುವ ಊರು ಎಲ್ಲಿದೆ, ಯಾವ ಬಸ್ಸು, ಎಷ್ಟು ಹೊತ್ತು, ಅಲ್ಲಿನ ಬೆಳೆ ಏನು, ಅಲ್ಲಿ ಯಾವ ಮಾತು ಎಂದು ಮಗು ಕೇಳಿ ಬಂದರೆ ನಕ್ಷೆಯ ಮೇಲೆ ಒಂದು ಗೆರೆ ಮೂಡುತ್ತದೆ. ಇದನ್ನು ಕೇಳುವಾಗ ಮಾತ್ರ ಎಚ್ಚರ ಬೇಕು. ಬಡತನವನ್ನು ಬಯಲಿಗೆಳೆಯುವ ಪ್ರಶ್ನೆಯಾಗದೆ ಅಪ್ಪ ಕಂಡ ಊರನ್ನು ಹೇಳಿಸುವ ಪ್ರಶ್ನೆಯಾಗಬೇಕು.

ತಿಳಿದ ಮೇಲೆ ಹೊಣೆ

ಕಾರಂತರ ಕೊನೆಯ ದಶಕಗಳನ್ನು ಹೇಳದೆ ಈ ಪರಿಚಯ ಪೂರ್ಣವಾಗದು. 1975ರಲ್ಲಿ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಅವರು ತಮಗೆ ಬಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬರುವುದನ್ನು ವಿರೋಧಿಸಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೆ ನಿಂತು ಸೋತರು. ಅವರ ನಿಲುವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಶಿಕ್ಷಕರಾಗಿ ನಾವು ಕಾಣಬೇಕಾದದ್ದು, ಹೊಳೆ, ಕಾಡುಗಳನ್ನು ಮಕ್ಕಳಿಗೆ ಹೆಸರು ಹಿಡಿದು ಪರಿಚಯಿಸಿದ ಮನುಷ್ಯ ಮುಪ್ಪಿನಲ್ಲಿ ಅವುಗಳ ಪರವಾಗಿ ಬೀದಿಗಿಳಿದ ಎಂಬುದನ್ನು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ಕಾಡೂ ಉಳಿಯಬೇಕು, ಕಾಡಂಚಿನ ಮನೆಯೂ ಬಾಳಬೇಕು ಎಂಬ ಕಷ್ಟದ ಲೆಕ್ಕವನ್ನು ನಾಳೆ ಬಿಡಿಸಬೇಕಾದವರು ಇಂದು ನಮ್ಮ ತರಗತಿಗಳಲ್ಲಿ ಕುಳಿತ ಮಕ್ಕಳೇ.

1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕಾರಂತರು ತೀರಿಕೊಂಡರು. ನಮ್ಮ ಜಿಲ್ಲೆ ಹುಟ್ಟಿ ಆಗ ಕೆಲವೇ ತಿಂಗಳಾಗಿತ್ತು.

ಮುಂದಿನ ಬೋಧನಾಭ್ಯಾಸಕ್ಕೆ

ಪ್ರಶಿಕ್ಷಣಾರ್ಥಿ ಮಿತ್ರರು ಮುಂದಿನ ಸುತ್ತಿನಲ್ಲಿ ಮೂರು ಕೆಲಸಗಳನ್ನು ಮಾಡಿ ನೋಡಬೇಕೆಂದು ನನ್ನ ಸೂಚನೆ.

ಒಂದು, ಅಡುಗೆಮನೆಯ ನಕ್ಷೆ. ನಮ್ಮ ಮನೆಯಲ್ಲಿ ಮಕ್ಕಳೊಡನೆ ಒಂದು ಭಾನುವಾರ ಇದನ್ನು ಮಾಡಿದೆ. ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಒಳಗಿನದು ಎಲ್ಲಿ ಬೆಳೆಯುತ್ತದೆ ಎಂದು ಕೇಳುತ್ತ ಹೋದೆವು. ರಾಗಿ, ಅರಿಸಿನ ನಮ್ಮ ಜಿಲ್ಲೆಯವು. ಬೆಲ್ಲ ಮಂಡ್ಯದ್ದು, ಕೊಬ್ಬರಿ ತಿಪಟೂರಿನದು, ಒಣಮೆಣಸಿನಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿಯದು, ತೊಗರಿಬೇಳೆ ಕಲಬುರಗಿಯದು, ಕಾಫಿಪುಡಿ ಕೊಡಗಿನದು. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ನಕ್ಷೆಯಲ್ಲಿ ಒಂದೊಂದು ಚಿಟಿಕೆ ಇಟ್ಟೆವು. ಯಾವುದು ರಾಜ್ಯದ ಹೊರಗಿನಿಂದ ಬಂತು ಎಂಬ ಪ್ರಶ್ನೆ ಮಕ್ಕಳಿಂದ ತಾನಾಗಿಯೇ ಬಂತು. ಖರ್ಚಿಲ್ಲದ ಕೆಲಸ, ತಾಯಂದಿರಿಗೆ ಇದರಲ್ಲಿ ನಮಗಿಂತ ಹೆಚ್ಚು ಗೊತ್ತಿರುತ್ತದೆ.

ಎರಡು, ಹಿರಿಯರ ಒಂದು ಸಂಗತಿ. ರಾಜ್ಯದ ಬಗ್ಗೆ ಕೇಳಿ ಬನ್ನಿ ಎಂದರೆ ಯಾರೂ ಹೇಳಲಾರರು. ಪ್ರಶ್ನೆ ಅಷ್ಟು ದೊಡ್ಡದು. ನೀವು ಚಿಕ್ಕವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದಿರಿ, ಸಂತೆಗೆ ಎಲ್ಲಿಗೆ ಹೋಗುತ್ತಿದ್ದಿರಿ ಎಂದರೆ ಎಲ್ಲರೂ ಹೇಳಬಲ್ಲರು. ಉತ್ತರ ಯಾವ ಮಾತಿನಲ್ಲಿ ಬಂದರೂ ಸರಿ. ಅದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ತರಗತಿಯಲ್ಲಿ ನಾವು ನೆರವಾಗೋಣ. ಭಾಷೆಯ ಪಾಠವೂ ಅಲ್ಲೇ ಆಯಿತು.

ಮೂರು, ತರಗತಿಯ ಬಾಲಪ್ರಪಂಚ. ಹೀಗೆ ಬಂದ ಹಾಳೆಗಳನ್ನು ಮಳೆ, ಹೊಳೆ, ಬೆಳೆ, ಕಸುಬು, ಹಬ್ಬ, ಮಾತು ಎಂದು ವಿಂಗಡಿಸಿ, ಮಕ್ಕಳದೇ ಚಿತ್ರಗಳ ಸಮೇತ ಹೊಲಿದು ಶಾಲೆಯಲ್ಲಿಡಿ. ವಾರಕ್ಕೊಬ್ಬರಂತೆ ಅದನ್ನು ಮನೆಗೆ ಒಯ್ಯಲಿ. ತಮ್ಮ ಮಾತು ಅಕ್ಷರವಾದದ್ದನ್ನು ಮನೆಯವರು ಮಗುವಿನ ಬಾಯಿಂದ ಕೇಳಲಿ.

ಇವುಗಳಿಗೆ ಜಾಗ ಮಾಡಿಕೊಡಲು ಪಾಠಯೋಜನೆಯ ನಮೂನೆಯಲ್ಲಿ ಒಂದು ಕಾಲಂ ಹೆಚ್ಚು ಬೇಕಾಗುತ್ತದೆ. ಬೋಧನೋಪಕರಣಗಳ ಪಕ್ಕದಲ್ಲಿ, ಮನೆಯಿಂದ ಬಂದದ್ದು ಎಂಬ ತಲೆಬರಹದ ಕಾಲಂ. ಮುಂದಿನ ಅವಧಿಯಿಂದ ನಾನು ವೀಕ್ಷಿಸುವ ಪ್ರತಿ ಪಾಠದಲ್ಲಿಯೂ ಮೊದಲು ನೋಡುವುದು ಆ ಕಾಲಂ ತುಂಬಿದೆಯೇ ಎಂಬುದನ್ನು.